ಒಂದೇ ಮೊಬೈಲಿನಲ್ಲಿ ಮನೆ ನಂಬರ್, ಅಂಗಡಿ ನಂಬರ್ ಎರಡೂ ಇಟ್ಟುಕೊಳ್ಳಬಹುದಾ?

ಮಂಗಳೂರಿನಲ್ಲಿ ಹೊಸದಾಗಿ ಟೈಲರಿಂಗ್ ಅಂಗಡಿ ಇಟ್ಟಿದ್ದೀರಿ. ಮನೆಗೊಂದು, ಅಂಗಡಿಗೊಂದು ಅಂತ ಎರಡು ಮೊಬೈಲ್ ಹಿಡ್ಕೊಂಡು ತಿರುಗಿ ಸಾಕಾಗಿದೆ, ಒಂದರಲ್ಲೇ ಎರಡು ಸಿಮ್ ಹಾಕಿದರೆ ತೊಂದರೆ ಇದೆಯಾ ಅಂತ ಕೇಳಿದ್ದೀರಿ. ಧಾರಾಳವಾಗಿ ಹಾಕಿ. ಆದರೆ ಒಂದು ಸೆಟ್ಟಿಂಗ್ ಮಾಡಿಕೊಳ್ಳದೆ ಮಾತ್ರ ಬೇಡ.

ನನ್ನದು ಉಡುಪಿಯಲ್ಲಿ ಶಂಕರಪುರ ಮಲ್ಲಿಗೆ ವ್ಯಾಪಾರ. ಮದುವೆ ಸೀಸನ್ ಬಂತೆಂದರೆ ಫೋನ್ ಕೆಳಗಿಡಲಿಕ್ಕೆ ಆಗುವುದಿಲ್ಲ. 'ಇವತ್ತು ಅಟ್ಟೆಗೆ ಎಷ್ಟು?', 'ನನಗೆ ಎರಡು ಚೆಂಡು ತೆಗೆದಿಡಿ' ಅಂತ ಒಂದರ ಹಿಂದೆ ಒಂದು ಕಾಲ್ (ಅಟ್ಟೆ, ಚೆಂಡು ಅಂದರೆ ನಮ್ಮ ಕಡೆ ಮಲ್ಲಿಗೆ ಮಾರುವ ಲೆಕ್ಕ). ಒಂದು ದಿನ ಹೀಗೇ ಅಂಗಡಿ ನಂಬರಿನಲ್ಲಿ ಆರ್ಡರ್ ಬರೆದುಕೊಳ್ಳುತ್ತಿದ್ದೆ. ಆ ಹೊತ್ತಿಗೆ ಕಟಪಾಡಿಯ ಮನೆಯಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಪಕ್ಕದ ಮನೆಯ ಅಕ್ಕ ನನ್ನ ಮನೆ ನಂಬರಿಗೆ ನಾಲ್ಕು ಸಲ ಮಾಡಿದ್ದಾರೆ. ನಾಲ್ಕು ಸಲವೂ 'ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ' ಅಂತ ಬಂದಿದೆ. ಫೋನ್ ನನ್ನ ಕಿವಿಯಲ್ಲೇ ಇತ್ತು ಮಾರಾಯ್ರೇ, ಟವರ್ ಕೂಡ ಫುಲ್ ಇತ್ತು. ಕೊನೆಗೆ ಅವರ ಮಗ ಬೈಕಿನಲ್ಲಿ ಅಂಗಡಿಗೇ ಬಂದು ಹೇಳಿದ. ಅಮ್ಮನ ಕೈ ಮುರಿದಿತ್ತು. ಈಗ ಹುಷಾರಾಗಿದ್ದಾರೆ. ಆದರೂ ಅಷ್ಟು ಹೊತ್ತು ನನ್ನ ದಾರಿ ಕಾದಿದ್ದರಲ್ಲ ಅಂತ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆಮೇಲೆ ವಿಚಾರಿಸಿದಾಗ ವಿಷಯ ಗೊತ್ತಾಯಿತು. ಹೆಚ್ಚಿನ ಮೊಬೈಲುಗಳಲ್ಲಿ ಸಿಮ್ ಎರಡಿದ್ದರೂ ಅವುಗಳಿಗೆ ರೇಡಿಯೋ, ಅಂದರೆ ಟವರಿನ ಜೊತೆ ಸಂಪರ್ಕ ಇಡುವ ಭಾಗ, ಒಂದೇ. ಸುಮ್ನೆ ಇರುವಾಗ ಎರಡು ನಂಬರಿಗೂ ಕಾಲ್ ಬರುತ್ತದೆ. ಒಂದರಲ್ಲಿ ಮಾತು ಶುರುವಾಯಿತೋ, ಇನ್ನೊಂದು ನಂಬರ್ ಸತ್ತ ಹಾಗೆ. ಕೆಲವು ಹೊಸ ಮೊಬೈಲುಗಳಲ್ಲಿ ಈ ತೊಂದರೆ ಇಲ್ಲ, ಆದರೆ ಅದನ್ನು ನಂಬಿ ಕೂರಬೇಡಿ.

ಹೀಗೆ ಮಾಡಿ. ಕಾಲ್ ಸೆಟ್ಟಿಂಗ್ಸ್‌ನಲ್ಲಿ 'ಕಾಲ್ ಫಾರ್ವರ್ಡಿಂಗ್' ಅಂತ ಇರುತ್ತದೆ. ಮನೆ ಸಿಮ್ ಆರಿಸಿ, 'ವೆನ್ ಅನ್‌ರೀಚೇಬಲ್' ಎಂಬಲ್ಲಿ ಅಂಗಡಿ ನಂಬರ್ ಹಾಕಿ. ಅಂಗಡಿ ಸಿಮ್ಮಿಗೆ ಮನೆ ನಂಬರ್ ಹಾಕಿ. ಎರಡರಲ್ಲೂ ಕಾಲ್ ವೇಟಿಂಗ್ ಆನ್ ಇರಲಿ. ಈಗ ನೀವು ಗಿರಾಕಿ ಹತ್ತಿರ ಮಾತಾಡುವಾಗ ಮನೆ ನಂಬರಿಗೆ ಬಂದ ಕಾಲ್ ಅಂಗಡಿ ನಂಬರಿಗೇ ತಿರುಗಿ, ಕಿವಿಯಲ್ಲಿ ಬೀಪ್ ಬೀಪ್ ಅನ್ನುತ್ತದೆ. 'ಆಲ್ವೇಸ್' ಮಾತ್ರ ಒತ್ತಬೇಡಿ, ಆ ಸಿಮ್ಮಿಗೆ ಕಾಲ್ ಬರುವುದೇ ನಿಂತುಹೋಗುತ್ತದೆ. ಮುಗಿದ ಮೇಲೆ ಇಬ್ಬರು ಗೆಳತಿಯರ ಹತ್ತಿರ ಒಟ್ಟಿಗೇ ಕಾಲ್ ಮಾಡಿಸಿ ನೋಡಿ.

ಇನ್ನೊಂದು. ಯಾರೋ ಗೊತ್ತಿಲ್ಲದವರು ಫೋನ್ ಮಾಡಿ *401# ಅಂತ ಶುರುವಾಗುವ ನಂಬರ್ ಒತ್ತಿಸಿದರೆ ಖಂಡಿತ ಒತ್ತಬೇಡಿ. ನಿಮಗೆ ಬರುವ ಕಾಲ್‌ಗಳನ್ನು ತಮ್ಮ ನಂಬರಿಗೆ ತಿರುಗಿಸಿಕೊಂಡು ಒಟಿಪಿ ಕದಿಯುವ ದಾರಿ ಅದು. ಇದೇ ಕಾರಣಕ್ಕೆ 2024ರ ಏಪ್ರಿಲ್ 15ರಿಂದ ಹೀಗೆ ಕೋಡ್ ಒತ್ತಿ ಕಾಲ್ ತಿರುಗಿಸುವ ಸೇವೆಯನ್ನು ನಿಲ್ಲಿಸಲು ಸರಕಾರ ಹೇಳಿತು. ಸೆಟ್ಟಿಂಗ್ಸ್ ಒಳಗಿನಿಂದ ನೀವೇ ಮಾಡಿಕೊಳ್ಳಿ.

ವಾಟ್ಸಾಪ್ ಚಿಂತೆ ಬೇಡ. 2023ರಿಂದ ಆಂಡ್ರಾಯ್ಡ್‌ನಲ್ಲಿ ಒಂದೇ ಆ್ಯಪ್‌ನಲ್ಲಿ ಎರಡು ಅಕೌಂಟ್ ಇಡಬಹುದು. ನಾನು ಅಂಗಡಿಗೆ ವಾಟ್ಸಾಪ್ ಬಿಸಿನೆಸ್ ಇಟ್ಟಿದ್ದೇನೆ, ಅಳತೆ, ಡಿಸೈನ್ ಫೋಟೋ ಎಲ್ಲ ಬರುವ ನಿಮಗೂ ಅದೇ ಒಳ್ಳೆಯದು. ಯುಪಿಐ ಹಾಕುವಾಗ ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ಮನ್ನೇ ಆರಿಸಿ, ವೆರಿಫೈ ಮಾಡುವ ಮೆಸೇಜ್ ಅದರಿಂದಲೇ ಹೋಗಬೇಕು.

ಖರ್ಚು ಎರಡು ರೀಚಾರ್ಜಿನದ್ದು ಇದ್ದೇ ಇದೆ. ಆದರೆ ಎರಡನೇ ನಂಬರಿಗೆ ನೆಟ್ ಬೇಕಾಗಿಲ್ಲ ಅಲ್ವಾ? ಬರೀ ಕಾಲ್ ಮತ್ತು ಎಸ್ಸೆಮ್ಮೆಸ್ ಇರುವ ಪ್ಯಾಕ್ ಇಡಲೇಬೇಕು ಅಂತ 2024ರ ಡಿಸೆಂಬರಿನಲ್ಲಿ ಟ್ರಾಯ್ (ಫೋನ್ ಕಂಪನಿಗಳ ಮೇಲೆ ನಿಗಾ ಇಡುವ ಸರಕಾರಿ ಸಂಸ್ಥೆ) ಕಂಪನಿಗಳಿಗೆ ಹೇಳಿದೆ. ರೀಚಾರ್ಜ್ ಅಂಗಡಿಯಲ್ಲಿ ಅದನ್ನೇ ಕೇಳಿ.

ಈಗಿರುವ ಮೊಬೈಲಿನ ಸಿಮ್ ಟ್ರೇ ಒಮ್ಮೆ ತೆಗೆದು ನೋಡಿ. ಕೆಲವದರಲ್ಲಿ ಎರಡನೇ ಸಿಮ್ ಮತ್ತು ಮೆಮೊರಿ ಕಾರ್ಡಿಗೆ ಜಾಗ ಒಂದೇ ಇರುತ್ತದೆ. ಹಾಗಿದ್ದರೆ ಕಾರ್ಡಿನಲ್ಲಿರುವ ಫೋಟೋಗಳನ್ನು ಮೊದಲು ಬೇರೆ ಕಡೆ ಹಾಕಿಟ್ಟುಕೊಳ್ಳಿ.