ಹ್ಯಾಂಡ್‌ಬ್ರೇಕ್ ಕೇಬಲ್ ಜಾಮ್ ಆಗಿದೆ, ಮನೆಯಲ್ಲೇ ಬದಲಿಸಬಹುದಾ?

ಲಿವರ್ ಪೂರ್ತಿ ಇಳಿಸಿದರೂ ಹಿಂದಿನ ಎಡ ಚಕ್ರ ಬಿಡುತ್ತಿಲ್ಲ, ಡ್ರಮ್ ಬ್ರೇಕ್ ಇರುವ ಕಾರು, ಕೇಬಲ್ ನಾನೇ ಬದಲಿಸಲಾ ಅಂತ ಕೇಳಿದ್ದೀರಿ. ಖಂಡಿತ ಬದಲಿಸಬಹುದು. ನನ್ನ ಹಳೆ ಕಾರಿಗೆ ಎರಡು ಸಲ ಮಾಡಿದ್ದೇನೆ. ಆದರೆ ಹೊಸ ಕೇಬಲ್ ತರುವ ಮೊದಲು ಹಿಡಿದಿರುವುದು ಕೇಬಲ್ಲೇನಾ ಅಂತ ನೋಡಿಕೊಳ್ಳಿ. ಡ್ರಮ್ ಒಳಗೆ ಶೂಗಳನ್ನು (ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲಿಸುವ ಬಾಗಿದ ಪಟ್ಟಿಗಳು) ತಳ್ಳುವ ವೀಲ್ ಸಿಲಿಂಡರಿನ ಪಿಸ್ಟನ್ ಹಿಡಿದಿದ್ದರೂ, ಶೂ ಮೇಲಿನ ಲೈನಿಂಗ್, ಅಂದರೆ ಉಜ್ಜುವ ಪದರ, ಕಿತ್ತು ಬಂದಿದ್ದರೂ ಚಕ್ರ ಹೀಗೇ ಬಿಗಿಯಾಗುತ್ತದೆ.

ಕಾರು ಸಮತಟ್ಟಾದ ಗಟ್ಟಿ ನೆಲದ ಮೇಲಿರಲಿ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಮರದ ತುಂಡು ಒತ್ತಿಡಿ, ಯಾಕೆಂದರೆ ಈ ಕೆಲಸದಲ್ಲಿ ಹ್ಯಾಂಡ್‌ಬ್ರೇಕ್ ನಿಮ್ಮ ನೆರವಿಗೆ ಇರುವುದಿಲ್ಲ. ಹಿಂಬದಿ ಎತ್ತಿ ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕಾರಿನ ಕೆಳಗೆ ತಲೆ ಹಾಕಬೇಡಿ, ಒಂದು ನಿಮಿಷಕ್ಕೂ ಬೇಡ.

ಲಿವರ್ ಇಳಿಸಿ, ಅದರ ಬುಡದಲ್ಲಿರುವ ಅಡ್ಜಸ್ಟ್ ನಟ್ಟನ್ನು ಕೊನೆತನಕ ಸಡಿಲಿಸಿ. ಕೆಲವು ಕಾರುಗಳಲ್ಲಿ ಈ ನಟ್ಟು ಕೆಳಗಡೆ, ಈಕ್ವಲೈಸರ್ ಹತ್ತಿರ ಇರುತ್ತದೆ. ಈಕ್ವಲೈಸರ್ ಅಂದರೆ ಲಿವರಿನ ಎಳೆತವನ್ನು ಎಡ, ಬಲ ಕೇಬಲ್‌ಗಳಿಗೆ ಹಂಚುವ ಪಟ್ಟಿ. ಲಿವರ್ ಎಳೆದಾಗ ಅದು ಒಂದು ಕಡೆ ವಾಲಿಕೊಂಡರೆ ಒಂದು ಕೇಬಲ್ ಹಿಡಿದಿದೆ ಅನ್ನುವುದಕ್ಕೆ ಒಳ್ಳೆಯ ಸುಳಿವು.

ಇನ್ನು ಡ್ರಮ್. ಶೂಗಳು ಕಚ್ಚಿಕೊಂಡಿರುವುದರಿಂದ ಅದು ಸುಲಭಕ್ಕೆ ಬರಲ್ಲ. ಡ್ರಮ್ಮಿನ ಹಿಂದಿನ ತಟ್ಟೆಯಲ್ಲಿ ರಬ್ಬರ್ ಮುಚ್ಚಳದ ಒಂದು ತೂತು ಇದ್ದರೆ, ಅಲ್ಲಿಂದ ಸ್ಕ್ರೂಡ್ರೈವರ್ ತೂರಿಸಿ, ಶೂ ಹೊಂದಿಸುವ ಹಲ್ಲುಚಕ್ರ ತಿರುಗಿಸಿ ಶೂಗಳನ್ನು ಒಳಕ್ಕೆ ತನ್ನಿ. ಡ್ರಮ್ ಮುಖದ ಮೇಲೆ ಥ್ರೆಡ್ (ತಿರುಪಿನ ಗೆರೆ) ಇರುವ ಎರಡು ತೂತು ಕಂಡರೆ ಅವುಗಳಿಗೆ ಸರಿಹೊಂದುವ ಬೋಲ್ಟ್ ಹಾಕಿ, ಎರಡನ್ನೂ ಸಮಸಮವಾಗಿ ಬಿಗಿ ಮಾಡುತ್ತಾ ಹೋಗಿ. ಡ್ರಮ್ ತಾನೇ ಹೊರಗೆ ಬರುತ್ತದೆ. ಒಳಗಿನ ಧೂಳನ್ನು ಊದಬೇಡಿ, ಗಾಳಿ ಹೊಡೆಯಬೇಡಿ. ಬ್ರೇಕ್ ಕ್ಲೀನರ್ ಹಾಕಿ ಒದ್ದೆ ಮಾಡಿ ಒರೆಸಿ. ಇನ್ನೊಂದು ಪಕ್ಕದ ಡ್ರಮ್ ಈಗಲೇ ಬಿಚ್ಚಬೇಡಿ. ಯಾವ ಸ್ಪ್ರಿಂಗ್ ಎಲ್ಲಿತ್ತು ಅಂತ ಮರೆತರೆ ನೋಡಿಕೊಳ್ಳಲು ಅದು ಬೇಕು.

ಕೇಬಲ್ ತುದಿಯನ್ನು ಶೂ ಲಿವರಿನಿಂದ ಬಿಡಿಸಿ, ಆಚೆ ತುದಿಯನ್ನು ಈಕ್ವಲೈಸರಿನಿಂದ ಬಿಡಿಸಿ. ಈಗ ಒಳಗಿನ ತಂತಿಯನ್ನು ಕೈಯಲ್ಲಿ ಹಿಂದೆ ಮುಂದೆ ಎಳೆಯಿರಿ. ಸಲೀಸಾಗಿ ಜಾರಿದರೆ ಕೇಬಲ್ ಚೆನ್ನಾಗಿದೆ, ಡ್ರಮ್ ಒಳಗೆ ಹುಡುಕಿ. ಜಾರದಿದ್ದರೆ ಅದೇ ಕಳ್ಳ. ಸಾಮಾನ್ಯವಾಗಿ ತುದಿಯ ರಬ್ಬರ್ ಹರಿದು, ನೀರು ಒಳಗಿಳಿದು, ತಂತಿ ತುಕ್ಕು ಹಿಡಿದು ಉಬ್ಬಿರುತ್ತದೆ. ಎಣ್ಣೆ ಬಿಟ್ಟರೆ ಕೆಲವು ದಿನ ಆಡಬಹುದು, ಆದರೆ ಮತ್ತೆ ಹಿಡಿಯುತ್ತದೆ. ಬ್ರೇಕಿನ ವಿಷಯದಲ್ಲಿ ಆ ತಾತ್ಕಾಲಿಕ ಉಪಾಯ ನನಗೆ ಒಪ್ಪಿಗೆಯಿಲ್ಲ.

ಹಿಂದಿನ ತಟ್ಟೆಯಿಂದ ಕೇಬಲ್ ಕೀಳುವುದೇ ಎಲ್ಲರನ್ನೂ ಸುಸ್ತು ಮಾಡುವ ಹಂತ. ಅಲ್ಲಿ ಕೇಬಲ್ ಸುತ್ತ ಹೊರಕ್ಕೆ ಚಾಚಿದ ಉಕ್ಕಿನ ಕೊಕ್ಕೆಗಳಿರುತ್ತವೆ, ಎಲ್ಲವನ್ನೂ ಒಟ್ಟಿಗೆ ಅದುಮಬೇಕು. ಇಕ್ಕಳದಲ್ಲಿ ಒಂದನ್ನು ಅದುಮಿದರೆ ಇನ್ನೊಂದು ಎದ್ದು ನಿಲ್ಲುತ್ತದೆ. ಅಳತೆಗೆ ಸರಿಯಾದ ರಿಂಗ್ ಸ್ಪ್ಯಾನರನ್ನು ತಂತಿಯ ತುದಿಯಿಂದ ಪೋಣಿಸಿ ಕೊಕ್ಕೆಗಳ ಮೇಲೆ ಒತ್ತಿ, ಎಲ್ಲವೂ ಒಟ್ಟಿಗೆ ಮಡಚಿಕೊಳ್ಳುತ್ತವೆ. ಅನೇಕ ಕಾರುಗಳಿಗೆ 12 ಅಥವಾ 13 ಮಿ.ಮೀ. ಸ್ಪ್ಯಾನರ್ ಸರಿಹೋಗುತ್ತದೆ. ಪೈಪಿಗೆ ಹಾಕುವ ಸಣ್ಣ ಹೋಸ್ ಕ್ಲಿಪ್ ಬಿಗಿದರೂ ಆಗುತ್ತದೆ.

ಕಾರಿನ ಕೆಳಗೆ ಕೇಬಲ್ ಹಿಡಿದಿರುವ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಬೆಂಕಿ ತಾಗಿಸಿ ಬಿಡಿಸುವ ಯೋಚನೆ ಬೇಡವೇ ಬೇಡ, ಪೆಟ್ರೋಲ್ ಟ್ಯಾಂಕ್ ಪಕ್ಕದಲ್ಲೇ ಇರುತ್ತದೆ. ಹಳೆ ಕೇಬಲ್ ಯಾವ ದಾರಿಯಲ್ಲಿ ಹೋಗಿತ್ತು ಅಂತ ಫೋಟೋ ತೆಗೆದಿಟ್ಟು, ಹೊಸದನ್ನು ಅದೇ ದಾರಿಯಲ್ಲಿ ತನ್ನಿ. ಸೈಲೆನ್ಸರ್ ಪೈಪಿಗೆ ತಾಗಬಾರದು, ಚೂಪಾಗಿ ಬಾಗಬಾರದು. ಹಾಕುವ ಮೊದಲು ಹಳೆಯದರ ಪಕ್ಕ ಇಟ್ಟು ಉದ್ದ ನೋಡಿ. ಕೆಲವು ಕಾರುಗಳಲ್ಲಿ ಎಡ, ಬಲ ಬೇರೆ ಬೇರೆ ಉದ್ದ. ನನ್ನ ಅಭಿಪ್ರಾಯ ಕೇಳಿದರೆ ಎರಡೂ ಬದಲಿಸಿ. ಒಂದೇ ವಯಸ್ಸಿನ ಕೇಬಲ್‌ಗಳು, ಒಂದೇ ನೀರು ಕುಡಿದಿರುತ್ತವೆ.

ಇನ್ನು ಅಡ್ಜಸ್ಟ್ ಮಾಡುವುದು. ಮೊದಲ ಸಲ ನಾನು ತಪ್ಪಿದ್ದು ಇಲ್ಲೇ. ಶೂ ಮುಟ್ಟದೆ ಕೇಬಲ್ ನಟ್ಟನ್ನೇ ಬಿಗಿ ಮಾಡಿದೆ. ಲಿವರ್ ಗಟ್ಟಿಯಾಗಿ ನಿಂತಿತು. ಸ್ವಲ್ಪ ದೂರ ಓಡಿಸುವಷ್ಟರಲ್ಲಿ ಡ್ರಮ್ ಕೈ ಹತ್ತಿರ ಹಿಡಿಯಲಾಗದಷ್ಟು ಕಾದಿತ್ತು, ಸುಟ್ಟ ವಾಸನೆ ಬೇರೆ. ಕೇಬಲ್ ಮೊದಲೇ ಎಳೆದುಕೊಂಡಿದ್ದರೆ ಶೂಗಳು ತಮ್ಮ ಜಾಗಕ್ಕೆ ವಾಪಸ್ ಕೂರುವುದಿಲ್ಲ, ಅಲ್ವಾ? ಆದ್ದರಿಂದ ಕೇಬಲ್ ಸಡಿಲ ಇರುವಾಗಲೇ ಎರಡೂ ಕಡೆ ಶೂ ಹೊಂದಿಸಿ: ಡ್ರಮ್ ಹಾಕಿ ತಿರುಗಿಸಿದಾಗ ಸಣ್ಣಗೆ ಸವರಿದ ಸದ್ದು ಬರಬೇಕು, ಅಷ್ಟೇ. ಕಾಲಿನ ಬ್ರೇಕನ್ನು ಹಲವು ಸಲ ಒತ್ತಿ. ಲಿವರನ್ನು ಹತ್ತು ಸಲ ಜೋರಾಗಿ ಎಳೆದು ಬಿಡಿ, ಹೊಸ ಕೇಬಲ್ ಸ್ವಲ್ಪ ಹಿಗ್ಗಿ ಕೂರುತ್ತದೆ. ಆಮೇಲೆ ನಟ್ಟು ಬಿಗಿ ಮಾಡಿ. ಎಷ್ಟು ಕ್ಲಿಕ್ಕಿಗೆ ಹಿಡಿಯಬೇಕು ಅನ್ನುವುದು ನಿಮ್ಮ ಕಾರಿನ ಪುಸ್ತಕದಲ್ಲಿ ಇರುತ್ತದೆ.

ಲಿವರ್ ಇಳಿಸಿದಾಗ ಎರಡೂ ಚಕ್ರ ಕೈಯಲ್ಲಿ ಆರಾಮಾಗಿ ತಿರುಗಬೇಕು. ತಿರುಗದಿದ್ದರೆ ನಟ್ಟು ಸಡಿಲಿಸಿ. ಕಾರು ಇಳಿಸಿ, ಚಕ್ರದ ನಟ್ಟು ಬಿಗಿ ಮಾಡಿ, ಜನರಿಲ್ಲದ ಸಣ್ಣ ಇಳಿಜಾರಿನಲ್ಲಿ ಕಾಲಿನ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಪರೀಕ್ಷೆ ಮಾಡಿ. ಐದಾರು ಕಿ.ಮೀ. ಓಡಿಸಿ ಬಂದ ಮೇಲೆ ಎರಡೂ ಡ್ರಮ್ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಕಡೆ ಜಾಸ್ತಿ ಬಿಸಿ ಇದ್ದರೆ ಆ ಕಡೆಯ ಶೂ ಇನ್ನೂ ಸ್ವಲ್ಪ ಸಡಿಲಿಸಬೇಕು.