ಫೋಟೋ ಸಿನಿಮಾದ್ದೇ ಮೇಷ್ಟ್ರೇ, ಆದ್ರೆ ಸುಳ್ಳು ಎಲ್ಲಿದೆ ಅನ್ನೋದು ಬೇರೆ ಮಾತು

ಪ್ರಿಯ ಮೇಷ್ಟ್ರೇ,

ನಿಮ್ಮ ಪತ್ರ ಬಂದು ಮೂರು ವಾರ ಆಯ್ತು, ತಡ ಆಗಿದ್ದಕ್ಕೆ ಬೇಜಾರು ಮಾಡ್ಕೋಬೇಡಿ, ಎರಡು ಸಾಲಲ್ಲಿ ಮುಗಿಯೋ ಉತ್ತರ ಅಲ್ಲ ಇದು. ಬೇರೆ ಓದುಗರಿಗೂ ಗೊತ್ತಾಗ್ಲಿ ಅಂತ ನೀವು ಬರೆದದ್ದನ್ನ ಮೊದಲು ಚಿಕ್ಕದಾಗಿ ಹೇಳ್ಬಿಡ್ತೀನಿ. ಪಿಯುಸಿ ಓದೋ ನಿಮ್ಮ ಮೊಮ್ಮಗಳು ಫೋನಲ್ಲಿ ಒಂದು ಫೋಟೋ ತೋರಿಸಿದ್ಲು, ಸಾಲಾಗಿ ಶಿಲುಬೆಗಳು, ಒಂದೊಂದರ ಮೇಲೂ ಒಬ್ಬೊಬ್ಬ ಬೆತ್ತಲೆ ಹೆಣ್ಮಗಳು, ಕೆಳಗೆ 'ಅರ್ಮೇನಿಯಾ 1915' ಅಂತ ಬರೆದಿತ್ತು (ಒಟ್ಟೋಮನ್ ತುರ್ಕಿ ಸರ್ಕಾರ ಅರ್ಮೇನಿಯನ್ ಕ್ರಿಶ್ಚಿಯನ್ನರನ್ನ ಗಡೀಪಾರು ಮಾಡಿ ಕೊಲ್ಲೋಕೆ ಶುರು ಮಾಡಿದ ವರ್ಷ ಅದು). "ತಾತ ಇದು ನಿಜಾನಾ" ಅಂದ್ಲು. ಜೀವನಪೂರ್ತಿ ಹೈಸ್ಕೂಲಲ್ಲಿ ಇತಿಹಾಸ ಪಾಠ ಮಾಡಿದ ನೀವು "ನಿಜಾನೇ ಕಣಮ್ಮ" ಅಂದ್ರಿ. ವಾರ ಕಳೆದ ಮೇಲೆ ಅವಳೇ ಬಂದು "ಅದು ಯಾವ್ದೋ ಸಿನಿಮಾದ ಸ್ಟಿಲ್ ಅಂತೆ ತಾತ, ಹಂಗಾದ್ರೆ ಉಳಿದಿದ್ದೂ ಸುಳ್ಳಾ?" ಅಂದಾಗ ನಿಮಗೆ ಬಾಯಿ ಕಟ್ಟಿಹೋಯ್ತು. ಆಮೇಲೆ ನಮಗೆ ಕೇಳಿದ್ರಿ, ಇಷ್ಟು ಜನ ಸತ್ತ ವಿಷಯಕ್ಕೆ ಕಟ್ಟುಕತೆ ಯಾಕೆ ಬೆರೆಸ್ಬೇಕು, ಪ್ರೇಮಕತೆ ಯಾಕೆ, ಹಾಡು ಯಾಕೆ, ಇದ್ದದ್ದನ್ನ ಇದ್ದ ಹಾಗೆ ತೋರಿಸಿ ಸುಮ್ನಿರ್ಬಾರ್ದಾ ಅಂತ.

ಮೊದಲು ಆ ಫೋಟೋ ವಿಷಯ. ನಮ್ಮ ಆಫೀಸಲ್ಲೂ ಒಂದ್ಸಲ ಅದೇ ಚಿತ್ರ ಪುಟಕ್ಕೆ ಕೂತುಬಿಟ್ಟಿತ್ತು, ಪ್ರಿಂಟಿಗೆ ಹೋಗೋ ರಾತ್ರಿ. ನಮ್ಮ ಹುಡುಗಿ ಒಬ್ಳು, ಸಬ್ ಎಡಿಟರ್, ಸ್ಕ್ರೀನಿನ ಹತ್ರ ಮುಖ ತಂದು ನೋಡ್ತಾ ನಿಂತವಳು "ಸಾರ್, ಎಲ್ಲಾ ಶಿಲುಬೆಗಳೂ ಒಂದೇ ಅಳತೆ ಇದಾವೆ, ಕೂದಲು ನೋಡಿ, ಎಲ್ಲರದ್ದೂ ಮೈ ಮುಚ್ಚೋ ಹಾಗೆ ಎಷ್ಟು ನೀಟಾಗಿ ಇಳಿಬಿಟ್ಟಿದಾರೆ, ಸಾಯೋರ ಕೂದಲು ಹಿಂಗಿರುತ್ತಾ" ಅಂದ್ಲು. ಅವತ್ತು ರಾತ್ರಿ ಒಂದು ಗಂಟೆವರೆಗೂ ಹುಡುಕಿದ ಮೇಲೆ ಗೊತ್ತಾಯ್ತು, 1919ರ 'ರ‍್ಯಾವಿಶ್ಡ್ ಅರ್ಮೇನಿಯಾ' ಅನ್ನೋ ಅಮೆರಿಕದ ಮೂಕಿ ಸಿನಿಮಾದ ಸ್ಟಿಲ್ ಅದು. ಚಿತ್ರ ತೆಗೆದು ಖಾಲಿ ಜಾಗಕ್ಕೆ ಮ್ಯಾಪ್ ಹಾಕಿದ್ವಿ. ಆದ್ರೆ ನಾನು ನಿಮಗೆ ಹೇಳ್ಬೇಕು ಅಂತಿರೋದು ಆ ಸ್ಟಿಲ್ ಹಿಂದೆ ಇರೋ ಕತೆ, ಯಾಕಂದ್ರೆ ನಿಮ್ಮ ಪ್ರಶ್ನೆಗೆ ಉತ್ತರ ಇರೋದು ಅಲ್ಲೇ.

ಆ ಸಿನಿಮಾದಲ್ಲಿ ಹೀರೋಯಿನ್ ಆಗಿ ಆ್ಯಕ್ಟ್ ಮಾಡಿದ್ದು ಅರೋರಾ ಮಾರ್ಡಿಗಾನಿಯನ್, ಆ ನರಕದಿಂದ ತಪ್ಪಿಸ್ಕೊಂಡು ಬಂದ ಹುಡುಗಿ ತಾನೇ. ಚೆಮಿಷ್‌ಗೆಝೆಕ್ ಅನ್ನೋ ಊರಿನವಳು, ಹುಟ್ಟಿದ್ದು 1901, ಮನೆಯವರನ್ನ ಕಣ್ಣೆದುರೇ ಕಳ್ಕೊಂಡು, ಗಡೀಪಾರಿನ ಸಾಲಲ್ಲಿ ನಡೆದು, ಮಾರಾಟ ಆಗಿ, ತಪ್ಪಿಸ್ಕೊಂಡು 1917ರಲ್ಲಿ ನ್ಯೂಯಾರ್ಕ್ ಮುಟ್ಟಿದಳು. ಅವಳು ಹೇಳಿದ್ದು 1918ರಲ್ಲಿ ಪುಸ್ತಕ ಆಯ್ತು, ಮುಂದಿನ ವರ್ಷ ಸಿನಿಮಾ. ವಾರಕ್ಕೆ 15 ಡಾಲರ್ ಸಂಬಳ. ಇಂಗ್ಲಿಷ್ ಸರಿಯಾಗಿ ಬರ್ತಿರ್ಲಿಲ್ಲ, ಸೆಟ್ಟಿಗೆ ಬಂದ ಮೊದಲ ದಿನ ತುರ್ಕರ ಹಾಗೆ ಕೆಂಪು ಟೋಪಿ ಹಾಕ್ಕೊಂಡ ಎಕ್ಸ್‌ಟ್ರಾ ಆರ್ಟಿಸ್ಟ್‌ಗಳನ್ನ ಕಂಡು, ಇವರು ನನ್ನನ್ನ ಮೋಸ ಮಾಡಿ ಮತ್ತೆ ತುರ್ಕರ ಕೈಗೇ ಕೊಡ್ತಿದಾರೆ ಅಂತ ನಡುಗಿಬಿಟ್ಟಿದ್ಲಂತೆ. ಶೂಟಿಂಗಲ್ಲಿ ಬಿದ್ದು ಕಾಲಿನ ಗಿಣ್ಣು ಮುರೀತು, ಬ್ಯಾಂಡೇಜ್ ಸುತ್ಕೊಂಡೇ ಶೂಟಿಂಗ್ ಮುಗಿಸಿದ್ಲು, ಸಿನಿಮಾ ನೋಡಿದವರು ಆ ಬ್ಯಾಂಡೇಜನ್ನೂ ತುರ್ಕರು ಮಾಡಿದ ಗಾಯ ಅಂದ್ಕೊಂಡ್ರು. ಸಿನಿಮಾ ಪ್ರಚಾರಕ್ಕೆ ಊರೂರು ತಿರುಗಿ ತಿರುಗಿ ಅವಳು ಕುಸಿದುಹೋದಾಗ ಅವಳ ಹಾಗೇ ಕಾಣೋ ಬೇರೆ ಹುಡುಗೀರನ್ನ ಕರ್ಕೊಂಡು ಬಂದು ಸ್ಟೇಜ್ ಮೇಲೆ ನಿಲ್ಲಿಸಿದ್ರು.

ಈಗ ಶಿಲುಬೆ ಸೀನು. ತೀರಾ ವಯಸ್ಸಾದ ಮೇಲೆ ಅರೋರಾ, ಆಂಥನಿ ಸ್ಲೈಡ್ ಅನ್ನೋ ಸಿನಿಮಾ ಇತಿಹಾಸಕಾರರ ಹತ್ರ ಹೇಳಿದ್ದೇನಂದ್ರೆ, ನಡೆದದ್ದು ಹಾಗಲ್ಲ, ತುರ್ಕರು ಅಂಥ ಶಿಲುಬೆ ಮಾಡ್ಲಿಲ್ಲ, ಚೂಪು ಮಾಡಿದ ಮರದ ಗೂಟ ನೆಟ್ರು, ಅತ್ಯಾಚಾರ ಮಾಡಿದ ಮೇಲೆ ಹೆಣ್ಮಕ್ಕಳನ್ನ ಅದರ ಮೇಲೆ ಕೂರಿಸಿ ಕೊಂದ್ರು. ನಮ್ಮ ಹಳೇ ಮಾತಲ್ಲಿ ಹೇಳೋದಾದ್ರೆ ಶೂಲಕ್ಕೇರಿಸಿದ್ರು. ಅಷ್ಟು ಘೋರವಾದದ್ದನ್ನ ಅಮೆರಿಕದವರಿಗೆ ಪರದೆ ಮೇಲೆ ತೋರಿಸೋಕೆ ಆಗ್ತಿರ್ಲಿಲ್ಲ, ಅದಕ್ಕೇ ಶಿಲುಬೆ ಮಾಡಿದ್ರು. ಕ್ರಿಶ್ಚಿಯನ್ ಪ್ರೇಕ್ಷಕರಿಗೆ ಶಿಲುಬೆ ನೋಡಿದ ತಕ್ಷಣ ಅರ್ಥ ಆಗುತ್ತೆ, ಕಣ್ಣೀರು ಬರುತ್ತೆ, ಸಂತ್ರಸ್ತರ ನಿಧಿಗೆ ದುಡ್ಡೂ ಬರುತ್ತೆ.

ಮೇಷ್ಟ್ರೇ, ಇದನ್ನ ಸ್ವಲ್ಪ ನಿಧಾನಕ್ಕೆ ನೋಡಿ. ಸಿನಿಮಾ ಸುಳ್ಳು ಹೇಳ್ತು ಅಂದ್ರೆ ನಾವೆಲ್ಲ ಅಂದ್ಕೊಳ್ಳೋದು ಇದ್ದದ್ದಕ್ಕಿಂತ ಜಾಸ್ತಿ ಮಾಡಿ ಹೇಳಿರ್ತಾರೆ ಅಂತ. ಇಲ್ಲಿ ಆಗಿದ್ದು ಉಲ್ಟಾ, ನಡೆದದ್ದನ್ನ ತಡ್ಕೊಳ್ಳೋ ಹಾಗೆ ಚೆಂದ ಮಾಡಿ ಕೊಟ್ರು. ಆ ಚೆಂದವೇ ನೂರು ವರ್ಷ ಆದ್ಮೇಲೆ ಸಾಕ್ಷಿ ಅಂತ ಓಡಾಡ್ತಿದೆ, ಈ ನರಮೇಧ ನಡೆದೇ ಇಲ್ಲ ಅಂತ ನಿರಾಕರಿಸೋರು ಬೆರಳು ತೋರಿಸಿ ನೋಡಿ ನೋಡಿ ಇದು ಫೇಕು ಅಂತಾರೆ, ಫೇಕು ಅನ್ನೋದು ನಿಜಾನೂ ಹೌದು! ಸತ್ಯದ ತಲೆ ಮೇಲೆ ಹೊಡೆದ ಹಾಗೆ ಸುಳ್ಳು ಹೇಳ್ತಾನೆ ಅಂತೀವಲ್ಲ, ಇಲ್ಲಿ ಸುಳ್ಳಿನ ಏಟು ಬಿದ್ದಿದ್ದು ಅರೋರಾ ತಲೆ ಮೇಲೇನೇ. ಆ ಸಿನಿಮಾದಲ್ಲಿ ಈಗ ಉಳಿದಿರೋದು ಹೆಚ್ಚುಕಮ್ಮಿ ಇಪ್ಪತ್ತು ನಿಮಿಷದ ತುಣುಕು, ಅವಳು 1994ರಲ್ಲಿ ಲಾಸ್ ಏಂಜಲಿಸಲ್ಲಿ ತೀರಿಕೊಂಡಾಗ ಅಸ್ಥಿ ತಗೊಳ್ಳೋಕೆ ಯಾರೂ ಬರ್ಲಿಲ್ಲ. ಸ್ಟಿಲ್ ಮಾತ್ರ ನಿಮ್ಮ ಮೊಮ್ಮಗಳ ಫೋನಿಗೂ ಬಂತು.

ಹಾಗಂತ ಕಲ್ಪನೆಯೇ ಬೇಡ ಅಂತೀನಾ? ಇಲ್ಲ. ಇಲ್ಲಿ ನಿಮ್ಮ ಮಾತು ನಾನು ಒಪ್ಪಲ್ಲ.

1915ರಲ್ಲಿ ಮೆಡಿಟರೇನಿಯನ್ ಸಮುದ್ರದ ದಡದ ಮೂಸಾ ದಾಗ್ ಬೆಟ್ಟದ ಸುತ್ತಲಿನ ಅರ್ಮೇನಿಯನ್ ಹಳ್ಳಿಗಳ ಜನ ಗಡೀಪಾರಿನ ಆರ್ಡರ್ ಬಂದಾಗ ಹೊರಡಲ್ಲ ಅಂತ ಬೆಟ್ಟ ಹತ್ತಿ ಕೂತ್ರು. ಹೆಂಗಸರು ಎರಡು ದೊಡ್ಡ ಬಟ್ಟೆ ಹೊಲಿದು, ಒಂದರ ಮೇಲೆ ಕೆಂಪು ಶಿಲುಬೆ, ಇನ್ನೊಂದರ ಮೇಲೆ ಕ್ರಿಶ್ಚಿಯನ್ನರು ಕಷ್ಟದಲ್ಲಿದ್ದಾರೆ ಕಾಪಾಡಿ ಅಂತ ಇಂಗ್ಲಿಷಲ್ಲಿ ಬರೆದು ಸಮುದ್ರದ ಕಡೆಗೆ ಕಟ್ಟಿದ್ರು. ಫ್ರೆಂಚ್ ಯುದ್ಧನೌಕೆ 'ಗಿಶೆನ್' ಅದನ್ನ ನೋಡ್ತು. ನಾಲ್ಕು ಸಾವಿರಕ್ಕೂ ಹೆಚ್ಚು ಜನ ಬದುಕಿ ಈಜಿಪ್ಟಿನ ಪೋರ್ಟ್ ಸೈದಿಗೆ ಸೇರಿದ್ರು. ಆಸ್ಟ್ರಿಯಾದ ಲೇಖಕ ಫ್ರಾಂಜ್ ವೆರ್ಫೆಲ್ 1933ರಲ್ಲಿ ಇದನ್ನ ಕಾದಂಬರಿ ಮಾಡಿದಾಗ ಬೆಟ್ಟದ ಮೇಲೆ ಕೂತದ್ದು 53 ದಿನ ಇದ್ದದ್ದು 40 ಆಯ್ತು, ಬೈಬಲ್ಲಿನಲ್ಲಿ ಮತ್ತೆ ಮತ್ತೆ ಬರೋ ನಲವತ್ತು. ಅಲ್ಲಿಯ ಮುಂದಾಳು ಮೋಸೆಸ್ ದೆರ್ ಕಲೂಸ್ತಿಯನ್ ನಿಜಜೀವನದಲ್ಲಿ ಬದುಕುಳಿದು ಮುಂದೆ ಲೆಬನಾನಿನ ಪಾರ್ಲಿಮೆಂಟಿಗೂ ಹೋದ್ರು, ಕಾದಂಬರಿಯ ಹೀರೋ ಬೆಟ್ಟದ ಮೇಲೇ ಸಾಯ್ತಾನೆ. ಲೆಕ್ಕ ಹಾಕಿದ್ರೆ ಎರಡೂ ತಪ್ಪು. ಆದ್ರೆ ಅದೇ ಪುಸ್ತಕವನ್ನ ಹತ್ತು ವರ್ಷದೊಳಗೆ ಪೋಲೆಂಡಿನ ಬಿಯಾಲಿಸ್ಟಾಕ್ ಘೆಟ್ಟೋದಲ್ಲಿ ನಾಜಿಗಳ ಕೈಗೆ ಸಿಕ್ಕಿಹಾಕ್ಕೊಂಡಿದ್ದ ಯಹೂದಿ ಹುಡುಗರು ಕೈಯಿಂದ ಕೈಗೆ ದಾಟಿಸಿ ಓದಿದ್ರು, ನಾವೂ ಎದ್ದು ನಿಲ್ಲೋಣ್ವಾ, ನಮ್ಮದೂ ಒಂದು ಮೂಸಾ ದಾಗ್ ಆಗ್ಲಾ ಅಂತ ಮೀಟಿಂಗ್ ಮಾಡಿದ್ರು. ಅಂಕಿಅಂಶದ ವರದಿ ಅವರ ಕೈಗೆ ಸಿಕ್ಕಿದ್ರೆ ಇದು ಆಗ್ತಿತ್ತಾ ಮೇಷ್ಟ್ರೇ?

ಆ ಕಾದಂಬರಿಯನ್ನ ಸಿನಿಮಾ ಮಾಡೋಕೆ ಹಾಲಿವುಡ್ಡಿನ ಎಂಜಿಎಂ ಕಂಪನಿ ಹೊರಟಾಗ 1935ರ ಹೊತ್ತಿಗೆ ಟರ್ಕಿಯ ರಾಯಭಾರಿ ಅಮೆರಿಕದ ವಿದೇಶಾಂಗ ಇಲಾಖೆ ಮೂಲಕ ಒತ್ತಡ ತಂದು ನಿಲ್ಲಿಸಿಬಿಟ್ರು. ಅಂದ್ರೆ ಅವರಿಗೂ ಗೊತ್ತಿತ್ತು, ಒಂದು ಕತೆಗೆ ಎಷ್ಟು ಬಲ ಇದೆ ಅಂತ.

ಸರಿ, ಹಾಗಾದ್ರೆ ಗೆರೆ ಎಲ್ಲಿ ಹಾಕೋದು? 2017ರಲ್ಲಿ ಬರೀ ಆರು ವಾರದ ಅಂತರದಲ್ಲಿ ಅಮೆರಿಕದಲ್ಲಿ ಎರಡು ಸಿನಿಮಾ ರಿಲೀಸ್ ಆದ್ವು, ಎರಡೂ ಅದೇ ಕಾಲದ್ದು, ಎರಡ್ರಲ್ಲೂ ತ್ರಿಕೋನ ಪ್ರೇಮ. ಒಂದು 'ದಿ ಪ್ರಾಮಿಸ್', ಟೆರ್ರಿ ಜಾರ್ಜ್ ಡೈರೆಕ್ಷನ್, ಕರ್ಕ್ ಕೆರ್ಕೋರಿಯನ್ ಅನ್ನೋ ಅರ್ಮೇನಿಯನ್ ಮೂಲದ ಸಾಹುಕಾರ ಸುರಿದ ದುಡ್ಡು, ಸುಮಾರು ಒಂಬತ್ತು ಕೋಟಿ ಡಾಲರ್. ಹಳ್ಳಿಯಿಂದ ಮೆಡಿಸಿನ್ ಓದೋಕೆ ಇಸ್ತಾಂಬುಲ್‌ಗೆ ಬರೋ ಹುಡುಗ, ಅವನು ಮನಸೋಲೋ ಹುಡುಗಿ, ಒಬ್ಬ ಅಮೆರಿಕನ್ ರಿಪೋರ್ಟರ್, ಮೂವರೂ ಕಾಲ್ಪನಿಕ. ಪ್ರೇಮದ ಭಾಗ ನನಗೂ ಸಪ್ಪೆ ಅನ್ಸ್ತು, ಅದನ್ನ ಮುಚ್ಚುಮರೆ ಇಲ್ದೆ ಹೇಳ್ತೀನಿ. ಆದ್ರೆ ಗಡೀಪಾರು ಯಾರು ಮಾಡಿಸಿದ್ರು, ಯಾರು ಸತ್ರು ಅನ್ನೋದನ್ನ ಅದು ಎಲ್ಲೂ ತಿರುಚಲ್ಲ. ಇನ್ನೊಂದು 'ದಿ ಒಟ್ಟೋಮನ್ ಲೆಫ್ಟಿನೆಂಟ್', ಅಮೆರಿಕದ ನರ್ಸು, ತುರ್ಕಿ ಆಫೀಸರ್, ಪೂರ್ವ ತುರ್ಕಿಯ ವಾನ್ ಊರು. ಹಿಮ, ಕುದುರೆ, ಸರೋವರ ಎಲ್ಲಾ ಕಣ್ಣಿಗೆ ತಂಪು. ಅದರಲ್ಲಿ ಕೊಲೆಗಳು ಯುದ್ಧದ ಗಲಾಟೆಯಲ್ಲಿ ಎರಡೂ ಕಡೆ ಆಗಿಹೋದ ಅನಾಹುತದ ಹಾಗೆ ಕಾಣುತ್ತೆ, ಸರ್ಕಾರ ಕೂತು ಆರ್ಡರ್ ಮಾಡಿ ಒಂದು ಜನಾಂಗವನ್ನೇ ಸಿರಿಯಾದ ಡೇರ್ ಎಝ್‌ಝೋರ್ ಮರುಭೂಮಿಗೆ ಅಟ್ಟಿತು ಅನ್ನೋದೇ ಮಾಯ. ಎರಡೂ ಕಡೆ ಪ್ರೇಮಿಗಳು ಸುಳ್ಳೇ. ಮೊದಲನೇದ್ರಲ್ಲಿ ನಾವು ಆ ಸುಳ್ಳು ಪ್ರೇಮಿಗಳ ಕೈ ಹಿಡ್ಕೊಂಡು ನಿಜದ ಹತ್ರ ಹೋಗ್ತೀವಿ, ಎರಡನೇದ್ರಲ್ಲಿ ಪ್ರೇಮಿಗಳನ್ನ ಅಡ್ಡ ನಿಲ್ಲಿಸಿ ಕೊಂದವನನ್ನ ಮರೆ ಮಾಡಿದಾರೆ. ನನಗೆ ಗೆರೆ ಇರೋದು ಇಲ್ಲಿ. ಮನುಷ್ಯರನ್ನ ಕಲ್ಪಿಸ್ಕೊಳ್ಳಿ, ಅವರ ಮನೆ, ಮದುವೆ, ಮಾತು ಎಲ್ಲಾ ಕಲ್ಪಿಸ್ಕೊಳ್ಳಿ, ಯಾರು ಯಾರಿಗೆ ಏನು ಮಾಡಿದ್ರು ಅನ್ನೋದನ್ನ ಮುಟ್ಟಬೇಡಿ. ಅಂದಹಾಗೆ 'ದಿ ಪ್ರಾಮಿಸ್' ಟೊರಾಂಟೊ ಫೆಸ್ಟಿವಲ್ಲಲ್ಲಿ ಬೆರಳೆಣಿಕೆಯ ಶೋ ಆದ ಕೂಡ್ಲೇ ನೆಟ್ಟಲ್ಲಿ ಹತ್ತಾರು ಸಾವಿರ ಜನ ಅದಕ್ಕೆ ಒಂದೇ ಒಂದು ಸ್ಟಾರ್ ಕೊಟ್ಟಿದ್ರು, ಅಷ್ಟು ಜನ ಆ ಥಿಯೇಟರಲ್ಲಿ ಕೂತಿರೋಕೆ ಸಾಧ್ಯಾನೇ ಇರ್ಲಿಲ್ಲ.

ಇನ್ನು ನೀವು ಡಾಕ್ಯುಮೆಂಟರಿ, ಕಣ್ಣಾರೆ ಕಂಡವರ ಸಾಕ್ಷಿ ಇವೆಲ್ಲ ಶುದ್ಧ ಅಂತ ಬರೆದಿದೀರಿ. ಅಲ್ಲೂ ಹುಷಾರಾಗಿರ್ಬೇಕು. 1921ರಲ್ಲಿ ಸೊಘೊಮನ್ ತೆಹ್ಲಿರಿಯನ್ ಅನ್ನೋ ಅರ್ಮೇನಿಯನ್ ಯುವಕ ಬರ್ಲಿನ್ನಿನ ರಸ್ತೆಯಲ್ಲಿ, ಗಡೀಪಾರಿಗೆ ಆರ್ಡರ್ ಮಾಡಿದ್ದ ಒಟ್ಟೋಮನ್ ಮಂತ್ರಿ ತಲಾತ್ ಪಾಷಾನನ್ನ ಗುಂಡಿಕ್ಕಿ ಕೊಂದ. ಕೋರ್ಟಲ್ಲಿ ಅವನು ತನ್ನ ತಾಯಿಯನ್ನ ಕಣ್ಣೆದುರೇ ಕೊಂದ್ರು, ತಾನು ಹೆಣಗಳ ಮಧ್ಯೆ ಬಿದ್ದು ಬದುಕಿದೆ ಅಂದ. ಜ್ಯೂರಿ ಬಿಡುಗಡೆ ಮಾಡ್ತು. ತಾಯಿ ಸತ್ತಿದ್ದು ನಿಜ, ಅವನು ಅಲ್ಲಿ ಇರ್ಲಿಲ್ಲ. ನನಗೆ ಅವನ ಮೇಲೆ ಸಿಟ್ಟು ಬರಲ್ಲ, ಊರಿಗೆ ಊರೇ ಅಳಿಸಿಹೋದಾಗ ನೋಡಿದವರೂ ಉಳಿದಿರಲ್ಲ, ಉಳಿದವನು ಸತ್ತವರ ಕಣ್ಣು ಇಸ್ಕೊಂಡು ನೋಡ್ತಾನೆ. ಆದ್ರೂ ಇವತ್ತಿಗೂ ನಿರಾಕರಿಸೋರ ಬಾಯಲ್ಲಿ ಅವನ ಹೆಸರು ಮೊದಲು ಬರುತ್ತೆ.

ಇದಕ್ಕೇ ನನಗೆ ಆಟಮ್ ಎಗೋಯನ್ ಮಾಡಿದ 2002ರ 'ಅರಾರಾತ್' ಇವೆಲ್ಲಕ್ಕಿಂತ ಹತ್ರದ್ದು. ಸಿನಿಮಾದ ಒಳಗೆ ಒಂದು ಸಿನಿಮಾ ಅದು, ವಯಸ್ಸಾದ ಡೈರೆಕ್ಟರ್ ಒಬ್ಬರು (ಹಾಡುಗಾರ ಶಾರ್ಲ್ ಅಜ್ನಾವೂರ್ ಆ ಪಾತ್ರ ಮಾಡಿದಾರೆ) 1915ರಲ್ಲಿ ತುರ್ಕಿ ಸೈನ್ಯ ವಾನ್ ಊರಿಗೆ ಹಾಕಿದ ಮುತ್ತಿಗೆ ಬಗ್ಗೆ ಸಿನಿಮಾ ತೆಗೀತಿರ್ತಾರೆ. ಕಲಾ ಇತಿಹಾಸಕಾರ್ತಿ ಆನಿ ಸೆಟ್ಟಿಗೆ ಬಂದು ನೋಡಿದ್ರೆ ಹಿಂದುಗಡೆ ಪರದೆಯಲ್ಲಿ ಅರ್ಮೇನಿಯನ್ನರು ತಮ್ಮ ಗುರುತು ಅಂದ್ಕೊಳ್ಳೋ ಅರಾರಾತ್ ಬೆಟ್ಟ! ವಾನ್‌ನಿಂದ ಅರಾರಾತ್ ಕಾಣಲ್ಲ, ನೂರು ಕಿಲೋಮೀಟರಿಗೂ ಜಾಸ್ತಿ ದೂರ. ಅವಳು ಅದನ್ನೇ ಹೇಳಿದ್ರೆ ಆ ಸಿನಿಮಾ ತೆಗೀತಿರೋರು, ಭಾವದಲ್ಲಿ ಅದು ನಿಜ, ಕವಿಗಿರೋ ಸ್ವಾತಂತ್ರ್ಯ ನಮಗೂ ಇದೆ ಅಂತಾರೆ. ಎಗೋಯನ್ ಈ ಜಗಳವನ್ನ ಮುಚ್ಚಿಡಲ್ಲ, ನಮ್ಮ ಕಣ್ಮುಂದೇನೇ ಇಡ್ತಾರೆ. ಮುಂದೆ ಇನ್ನೊಂದು ಸೀನಿದೆ, ಆನಿ ಸಿಟ್ಟಲ್ಲಿ ಶೂಟಿಂಗ್ ನಡೀತಿರುವಾಗ್ಲೇ ನಡುವೆ ನುಗ್ತಾಳೆ, ವಾನ್‌ನಲ್ಲಿ ನಿಜವಾಗಿ ಇದ್ದ ಮಿಷನರಿ ಡಾಕ್ಟರ್ ಕ್ಲಾರೆನ್ಸ್ ಅಷರ್ ಪಾತ್ರ ಮಾಡ್ತಿದ್ದ ನಟ ಪಾತ್ರ ಬಿಟ್ಟು ಹೊರಗೆ ಬರದೇನೇ, ಕೈಯಲ್ಲಿ ರಕ್ತ, ಎದುರಿಗೆ ಗಾಯ ಆದ ಮಗು, ಸುತ್ತ ಮುತ್ತಿಗೆ ಹಾಕಿದಾರೆ ಇಲ್ಲಿ, ನೀನ್ಯಾರು ಅಂತ ಅವಳ ಮೇಲೆ ಕೂಗಾಡ್ತಾನೆ. ಅವಳು ಸುಮ್ನಾಗ್ತಾಳೆ, ಮೊದಲ ಸಲ ನೋಡಿದಾಗ ನಾನೂ ಕೂತಲ್ಲೇ ಕಲ್ಲಾದೆ. ಅದು ಸೆಟ್ಟು ಅಂತ ಗೊತ್ತು, ಬೆಟ್ಟ ತಪ್ಪು ಜಾಗದಲ್ಲಿದೆ ಅಂತಾನೂ ಗೊತ್ತು, ಆದ್ರೂ ಆ ಮಗು ಸಾಯ್ಬಾರ್ದು ಅನ್ಸುತ್ತೆ. ಶಿಲುಬೆ ಸ್ಟಿಲ್ಲು ತಾನು ಕಟ್ಟಿದ್ದು ಅನ್ನೋದನ್ನ ಹೇಳಲ್ಲ, ಅರಾರಾತ್ ಹೇಳ್ತಾನೇ ಕಟ್ಟುತ್ತೆ. ನಮ್ಮಲ್ಲಿ ಶುರುವಿನಲ್ಲಿ ಎರಡು ಸೆಕೆಂಡು 'ಪಾತ್ರಗಳೆಲ್ಲ ಕಾಲ್ಪನಿಕ' ಅಂತ ಕಾರ್ಡು ತೋರಿಸ್ತಾರಲ್ಲ, ಅದರಿಂದ ಈ ಕೆಲಸ ಆಗಲ್ಲ.

ಒಂದು ಮಾತು, ಇದಕ್ಕೂ ನನ್ನ ಕಸುಬಿಗೂ ಸಂಬಂಧ ಇರೋದ್ರಿಂದ. ಅರ್ಮೇನಿಯನ್ ಭಾಷೆಯ ಮೊಟ್ಟಮೊದಲ ಪತ್ರಿಕೆ 'ಅಝ್ದರಾರ್' ಅಚ್ಚಾಗಿದ್ದು ಎಲ್ಲಿ ಗೊತ್ತಾ, ಮದ್ರಾಸಲ್ಲಿ, 1794ರಲ್ಲಿ. ಒಬ್ಬ ಪಾದ್ರಿ ಒಂಟಿಯಾಗಿ ನಡೆಸ್ತಿದ್ದ ಪತ್ರಿಕೆ. ಚೆನ್ನೈಗೆ ಹೋದಾಗ ಆರ್ಮೇನಿಯನ್ ಸ್ಟ್ರೀಟಿನ ಹಳೇ ಚರ್ಚಿನ ಅಂಗಳದಲ್ಲಿ ಸ್ವಲ್ಪ ಹೊತ್ತು ಕೂತು ಬನ್ನಿ, ಇವರು ನಮಗೆ ಅಷ್ಟೇನೂ ದೂರದವರಲ್ಲ ಅನ್ಸುತ್ತೆ.

ಈಗ ಮೊಮ್ಮಗಳ ಪ್ರಶ್ನೆ. ಫೋಟೋ ನಿಜ ಅಂದದ್ದು ತಪ್ಪು ಅಂತ ನೀವೇ ಅವಳ ಹತ್ರ ಹೇಳಿ, ಅದ್ರಿಂದ ನಿಮ್ಮ ಗೌರವ ಕಮ್ಮಿ ಆಗಲ್ಲ. 1915ರ ಏಪ್ರಿಲ್ 24ರ ರಾತ್ರಿ ಇಸ್ತಾಂಬುಲ್‌ನಲ್ಲಿ ಅರ್ಮೇನಿಯನ್ ಬರಹಗಾರರು, ಮೇಷ್ಟ್ರುಗಳು, ಡಾಕ್ಟರುಗಳನ್ನ ಮನೆಮನೆಯಿಂದ ಹಿಡ್ಕೊಂಡು ಹೋದದ್ದರಿಂದ ಶುರು ಮಾಡಿ. 'ಅರಾರಾತ್' ತೋರಿಸೋ ಮುಂಚೆ ನೀವೊಬ್ರೇ ಒಂದ್ಸಲ ನೋಡಿ, ಕೆಲವು ಸೀನು ತುಂಬಾ ಕ್ರೂರ, ಬಿಟ್ಟು ಮುಂದಕ್ಕೆ ಓಡಿಸ್ಬೇಕಾಗ್ಬಹುದು. ಶೂಲದ ವಿಷಯ ಈ ವಯಸ್ಸಿಗೆ ಹೇಳ್ಬೇಕೋ ಬೇಡ್ವೋ ಅನ್ನೋದು ನಿಮಗೇ ಗೊತ್ತು, ಅವಳನ್ನ ನೋಡ್ತಿರೋರು ನೀವು. ಆದ್ರೆ ಆ ಸ್ಟಿಲ್ ಅನ್ನ ಡಿಲೀಟ್ ಮಾಡಿಸ್ಬೇಡಿ. ಅದನ್ನೇ ಮುಂದಿಟ್ಕೊಂಡು ಅರೋರಾ ಹೆಸರು ಹೇಳಿ, ಕೆಂಪು ಟೋಪಿ ಕಂಡು ನಡುಗಿದ್ದು ಹೇಳಿ, ಮುರಿದ ಕಾಲಲ್ಲಿ ಶೂಟಿಂಗ್ ಮುಗಿಸಿದ್ದು ಹೇಳಿ. ಊರು ಬಿಟ್ಟು ಆ ಸಾಲಲ್ಲಿ ನಡೆಯೋಕೆ ಶುರು ಮಾಡಿದಾಗ ಅವಳಿಗೆ 14 ವರ್ಷ, ನಿಮ್ಮ ಮೊಮ್ಮಗಳಿಗಿಂತ ಚಿಕ್ಕವಳು.

ನಿಮ್ಮವನು,
ಸಂಪಾದಕ