ಮರೆತ ಪಾಪದ ಲೆಕ್ಕ: ಒಂದು ಆಪ್ತಸಲಹೆ ಪ್ರಕರಣ

ಸಂಬಂಧಪಟ್ಟ ಮಹಿಳೆಯ ಒಪ್ಪಿಗೆ ಪಡೆದು, ಅವರ ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಅವರನ್ನು ಇಲ್ಲಿ ಶಾಂತಾ ಎಂದು ಕರೆಯುತ್ತೇನೆ. ಕರಾವಳಿಯ ಪ್ರೊಟೆಸ್ಟೆಂಟ್ ಮನೆತನದಲ್ಲಿ ಹುಟ್ಟಿ, ಮದುವೆಯ ನಂತರ ಡೊಂಬಿವಲಿಗೆ ಬಂದು ನೆಲೆಸಿದ ಅವರು ಮುಂಬಯಿಯ ಒಂದು ಸಹಕಾರಿ ಪತ್ತಿನ ಸಂಘದಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾರೆ. ಡಿಸೆಂಬರ್ ತಿಂಗಳ ಮೊದಲ ವಾರದಲ್ಲಿ ಅವರ ಗಂಡನೇ ಅವರನ್ನು ನನ್ನ ಬಳಿ ಕರೆತಂದರು. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳಲ್ಲಿ ಚರ್ಚಿನ ಸಭೆಗಳು ಮೆಸ್ಸೀಯನ, ಅಂದರೆ ದೇವರು ಕಳುಹಿಸುವ ರಕ್ಷಕನ, ಬರೋಣವನ್ನು ಕುರಿತು ಬೋಧಿಸುತ್ತವೆ. ಉಳಿದವರು ಕ್ಯಾರಲ್ ಹಾಡುಗಳ ತಯಾರಿಯಲ್ಲಿರುವ ಆ ದಿನಗಳೇ ಶಾಂತಾ ಅವರ ಪಾಲಿಗೆ ವರ್ಷದ ಅತ್ಯಂತ ಕಠಿಣ ದಿನಗಳಾಗಿದ್ದವು.

ಅವರ ತೊಂದರೆ ಹೊರನೋಟಕ್ಕೆ ಭಕ್ತಿಯಂತೆಯೇ ಕಾಣುತ್ತಿತ್ತು. ಬೆಳಿಗ್ಗೆ ಎದ್ದೊಡನೆ ಹಿಂದಿನ ದಿನದ ಪಾಪಗಳನ್ನು ನೆನಪಿಸಿಕೊಂಡು ಒಂದೊಂದನ್ನೂ ಹೆಸರು ಹಿಡಿದು ಹೇಳಿ ಕ್ಷಮೆ ಕೇಳಬೇಕು, ನಡುವೆ ಗಮನ ಚದುರಿದರೆ ಮೊದಲಿನಿಂದ ಆರಂಭಿಸಬೇಕು. ಸಂಜೆಯ ಫಾಸ್ಟ್ ಲೋಕಲ್‌ನ ಮಹಿಳೆಯರ ಡಬ್ಬಿಯಲ್ಲಿ, ನೂಕುನುಗ್ಗಲಿನ ನಡುವೆ ಕಂಬಿ ಹಿಡಿದು ನಿಂತು ಇದೇ ಪ್ರಾರ್ಥನೆಯಲ್ಲಿ ತೊಡಗಿರುವಾಗ ಡೊಂಬಿವಲಿ ಬಂದರೂ, ಪ್ರಾರ್ಥನೆ ಅರ್ಧಕ್ಕೆ ನಿಂತರೆ ಅದು ಲೆಕ್ಕಕ್ಕೆ ಬಾರದು ಎಂಬ ಭಯದಿಂದ ಇಳಿಯದೆ ಕಲ್ಯಾಣದವರೆಗೆ ಹೋಗಿ, ಅಲ್ಲಿಂದ ಮರಳಿ ಬರುತ್ತಿದ್ದರು. ಚೀಲದಲ್ಲಿ ಸದಾ ಒಂದು ವಹಿ ಇರುತ್ತಿತ್ತು. ಎಡಗಡೆ ಪಾಪ, ಬಲಗಡೆ ಕ್ಷಮೆ ಕೇಳಿದ ಗುರುತು. ಸಂಶಯ ಉಳಿದ ಸಾಲುಗಳ ಕೆಳಗೆ ಕೆಂಪು ಗೆರೆ. ನಾನು ನೋಡಿದ ಪುಟದಲ್ಲಿ 'ಪಕ್ಕದ ಮನೆಯವರ ಹೊಸ ಫ್ರಿಜ್ ನೋಡಿ ಆಸೆಪಟ್ಟೆ' ಎಂಬ ಸಾಲಿನ ಕೆಳಗೆ ಮೂರು ಕೆಂಪು ಗೆರೆಗಳಿದ್ದವು. ಅಯೋಗ್ಯನಾಗಿ ಕರ್ತನ ರೊಟ್ಟಿಯನ್ನು ತಿನ್ನುವವನು ಅಪರಾಧಿಯಾಗುತ್ತಾನೆ ಎಂದು ಅಪೊಸ್ತಲ ಪೌಲನು ಕೊರಿಂಥದವರಿಗೆ ಬರೆದ ಮಾತಿಗೆ ಹೆದರಿ ಅವರು, ಯೇಸುವಿನ ನೆನಪಿಗೆ ಸಭೆಯಲ್ಲಿ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಏಳುವುದನ್ನೂ ನಿಲ್ಲಿಸಿದ್ದರು.

ಇದರ ಬೇರು ಯಾವುದೆಂದು ತಿಳಿಯಲು ಹೆಚ್ಚು ಕೆದಕಬೇಕಾಗಲಿಲ್ಲ. ಅವರೇ ಹೇಳಿದರು: "ಯೇಸು ಬಂದದ್ದೇ ನನ್ನ ಪಾಪಕ್ಕಾಗಿ ಸಾಯಲಿಕ್ಕೆ, ಮೇಡಂ. ನಾನು ಒಂದನ್ನು ಹೇಳಲು ಮರೆತು ಅದು ಹಾಗೆಯೇ ಉಳಿದರೆ, ನನ್ನ ಮಟ್ಟಿಗೆ ಅವರು ಬಂದದ್ದು ವ್ಯರ್ಥ. ಅಷ್ಟು ದೊಡ್ಡದನ್ನು ವ್ಯರ್ಥ ಮಾಡಿದವಳಿಗೆ ಕ್ಷಮೆ ಎಲ್ಲಿಂದ?" ದಿನದ ಕೊನೆಗೆ ನಗದಿನಲ್ಲಿ ಒಂದು ರೂಪಾಯಿ ವ್ಯತ್ಯಾಸ ಬಂದರೂ ಎಲ್ಲ ಚೀಟಿಗಳನ್ನು ಮತ್ತೆ ತೆಗೆದು ನೋಡುವ ಗುಮಾಸ್ತರ ಶ್ರದ್ಧೆಯನ್ನು ಅವರು ತಮ್ಮ ಆತ್ಮದ ವಿಷಯದಲ್ಲೂ ಪಾಲಿಸುತ್ತಿದ್ದರು.

ಇದು ಗೀಳು ಕಾಯಿಲೆ. ವೈದ್ಯರು ಒಸಿಡಿ ಎನ್ನುವುದು ಇದನ್ನೇ. ಕೈ ತೊಳೆಯುವುದರಲ್ಲಿ, ಬೀಗ ಎಳೆದು ನೋಡುವುದರಲ್ಲಿ ಕಾಣಿಸಿಕೊಳ್ಳುವಂತೆ ಧರ್ಮದ ವಿಷಯದಲ್ಲೂ ಅದು ಕಾಣಿಸಿಕೊಳ್ಳುತ್ತದೆ. ಬದುಕು ಸಾಕೆನಿಸಿದೆಯೇ ಎಂದು ನೇರವಾಗಿ ಕೇಳಿದೆ. ಇಂಥವರಲ್ಲಿ ಈ ಪ್ರಶ್ನೆಯನ್ನು ಬಿಡಬಾರದು, ಏಕೆಂದರೆ ನರಕದ ಭಯವಿದೆ ಎಂಬ ಕಾರಣಕ್ಕೆ ಇವರು ಸಾವನ್ನು ಯೋಚಿಸಲಾರರು ಎಂದು ಮನೆಯವರು ತಪ್ಪು ತಿಳಿದಿರುತ್ತಾರೆ. ಕೆಲವೊಮ್ಮೆ ಅನಿಸಿದೆ, ಆದರೆ ಯಾವ ಯೋಜನೆಯೂ ಇಲ್ಲ ಎಂದರು. ರಾತ್ರಿ ಹೊತ್ತು ಆ ಯೋಚನೆ ಬಲವಾದರೆ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಇಬ್ಬರಿಗೂ ಬರೆದುಕೊಟ್ಟು, ಮನೋವೈದ್ಯರ ಬಳಿ ಕಳುಹಿಸಿದೆ. ಅವರು ಆರಂಭಿಸಿದ ಮಾತ್ರೆಯ ಪರಿಣಾಮ ಗೀಳಿನ ಮೇಲೆ ಕಾಣಿಸಲು 8ರಿಂದ 12 ವಾರಗಳು ಬೇಕಾಗಬಹುದು, ಖಿನ್ನತೆಗೆ ಕೊಡುವುದಕ್ಕಿಂತ ಹೆಚ್ಚಿನ ಪ್ರಮಾಣವೂ ಬೇಕಾಗಬಹುದು ಎಂಬುದನ್ನು ಮೊದಲೇ ತಿಳಿಸಿದ್ದರಿಂದ ದಂಪತಿ ನಡುವೆ ಕೈಬಿಡಲಿಲ್ಲ.

ಅದಕ್ಕೂ ಮೊದಲು ಅವರಿಗೆ ದೊರೆತಿದ್ದ ಸಲಹೆಯೆಂದರೆ, ಸ್ವಲ್ಪ ದಿನ ಚರ್ಚಿಗೆ ಹೋಗಬೇಡಿ ಎಂಬುದು. ನಾನು ಕ್ರೈಸ್ತಳಲ್ಲ, ಆದರೂ ಈ ಸಲಹೆ ನನಗೆ ಒಪ್ಪಿಗೆಯಾಗಲಿಲ್ಲ. ಗೀಳಿಗೆ ಕಾರಣ ನಂಬಿಕೆ ಎಂದು ಹೇಳುವುದು ವೈದ್ಯಕೀಯವಾಗಿ ಸರಿಯಲ್ಲ, ಮತ್ತು ಒಬ್ಬ ಭಕ್ತೆಯಿಂದ ಅವಳ ಸಭೆಯನ್ನು ಕಿತ್ತುಕೊಂಡರೆ ಉಳಿಯುವುದು ಗೀಳು ಮಾತ್ರ. ಈ ಬೇನೆಯನ್ನು ಕ್ರೈಸ್ತ ಪರಂಪರೆ ಬಹಳ ಹಿಂದಿನಿಂದ ಬಲ್ಲದು. ಪ್ರೊಟೆಸ್ಟೆಂಟ್ ಸುಧಾರಣೆಯನ್ನು ಆರಂಭಿಸಿದ ಲೂಥರ್ ಸಂನ್ಯಾಸಿಯಾಗಿದ್ದಾಗ ಗಂಟೆಗಟ್ಟಲೆ ಪಾಪನಿವೇದನೆ ಮಾಡಿ ಗುರುವನ್ನು ದಣಿಸುತ್ತಿದ್ದನು. 1522ರಲ್ಲಿ ಸ್ಪೇನಿನ ಮನ್ರೇಸಾ ಊರಿನಲ್ಲಿದ್ದ ಲೊಯೋಲಾದ ಇಗ್ನೇಷಿಯಸ್, ಮುಂದೆ ಜೆಸ್ವಿಟ್ ಸಂಘವನ್ನು ಕಟ್ಟಿದವನು, ಹಳೆಯ ಪಾಪಗಳನ್ನೇ ಮತ್ತೆಮತ್ತೆ ನಿವೇದಿಸುತ್ತ ಸಾಯುವ ಯೋಚನೆಯವರೆಗೆ ಹೋಗಿದ್ದನು. ತೀರ ಸ್ಪಷ್ಟವಾಗಿರುವುದನ್ನಲ್ಲದೆ ಬೇರೆ ಯಾವ ಹಳೆಯ ಪಾಪವನ್ನೂ ಹೇಳಬೇಡ ಎಂದು ಗುರು ಆಜ್ಞೆ ಮಾಡಿದಾಗ, ಅವನಿಗೆ ಎಲ್ಲವೂ ಸ್ಪಷ್ಟವಾಗಿಯೇ ಕಂಡದ್ದರಿಂದ ಆ ಆಜ್ಞೆಯಿಂದ ಏನೂ ಪ್ರಯೋಜನವಾಗಲಿಲ್ಲ. ಇದನ್ನು ಕೇಳಿ ಶಾಂತಾ ಮೊದಲ ಬಾರಿಗೆ ನಕ್ಕರು. "ನನ್ನ ಹಾಗೆಯೇ!" ಎಂದರು.

ಮೆಸ್ಸೀಯನು ಏಕೆ ಬಂದನು ಎಂಬ ಅವರ ಪ್ರಶ್ನೆಯನ್ನು ಬದಿಗೆ ಸರಿಸುವ ಬದಲು ಒಮ್ಮೆ ಪೂರ್ತಿಯಾಗಿ ಕೇಳಿಬಿಡುವುದು ಒಳ್ಳೆಯದೆಂದು ನನಗೆ ತೋರಿತು. ಉತ್ತರ ಹೇಳುವ ಅಧಿಕಾರ ನನಗಿಲ್ಲದ ಕಾರಣ, ಅವರ ಒಪ್ಪಿಗೆಯ ಮೇಲೆ ಅವರ ಚರ್ಚಿನ ಸಭಾಪಾಲಕರನ್ನು (ಪಾಸ್ಟರ್) ಒಂದು ಭೇಟಿಗೆ ಕರೆದೆವು. ನಿವೃತ್ತಿಯ ಅಂಚಿನಲ್ಲಿದ್ದ, ಮಿತವಾಗಿ ಮಾತನಾಡುವ ಆ ಹಿರಿಯರು ಮೊದಲು ಮಾಡಿದ ಕೆಲಸವೆಂದರೆ ಪ್ರಶ್ನೆಯನ್ನು ಅಗಲಗೊಳಿಸಿದ್ದು. ಯೇಸುವಿನ ಕಾಲದ ಯೆಹೂದ್ಯರಲ್ಲಿ ಬಹುಮಂದಿ ದಾವೀದನ ವಂಶದ ಅರಸನೊಬ್ಬನು ಬಂದು ಇಸ್ರಾಯೇಲನ್ನು ಬಿಡಿಸುವನೆಂದು ಕಾದಿದ್ದರು. ಪುನರುತ್ಥಾನದ ನಂತರವೂ ಶಿಷ್ಯರು ಕೇಳಿದ್ದು ರಾಜ್ಯವನ್ನು ಈಗಲೇ ಮರಳಿ ಕೊಡುತ್ತೀಯಾ ಎಂದೇ. ಆದ್ದರಿಂದ ಬಂದ ಉದ್ದೇಶದ ವಿಷಯದಲ್ಲಿ ಹತ್ತಿರದವರೇ ಗೊಂದಲಪಟ್ಟಿದ್ದರು, ನೀವು ಒಬ್ಬರೇ ಅಲ್ಲ, ಎಂದರು. ಯೇಸು ಹುಟ್ಟುವ ಮೊದಲೇ ದೇವದೂತನು ಮರಿಯಳ ಗಂಡ ಯೋಸೇಫನಿಗೆ ಹೇಳಿದ್ದು, ಈತನು ತನ್ನ ಜನರನ್ನು ಅವರ ಪಾಪಗಳಿಂದ ಬಿಡಿಸುವನು ಎಂಬುದು ನಿಜ, ಮತ್ತು ಶಾಂತಾ ಹಿಡಿದುಕೊಂಡದ್ದು ಆ ವಚನವನ್ನೇ. ಆದರೆ ನಜರೇತಿನ ಸಭಾಮಂದಿರದಲ್ಲಿ ಪ್ರವಾದಿ ಯೆಶಾಯನ ಗ್ರಂಥದ ಸುರುಳಿಯನ್ನು ಬಿಚ್ಚಿ ಯೇಸು ತಾನೇ ಓದಿದ್ದು ಬಡವರಿಗೆ ಶುಭವಾರ್ತೆ, ಸೆರೆಯವರಿಗೆ ಬಿಡುಗಡೆ, ಕುರುಡರಿಗೆ ದೃಷ್ಟಿ ಎಂಬ ಮಾತುಗಳನ್ನು. ಮಾರ್ಕನ ಸುವಾರ್ತೆಯಲ್ಲಿ ತಾನು ಸೇವೆ ಮಾಡಿಸಿಕೊಳ್ಳಲು ಬರಲಿಲ್ಲ, ಸೇವೆ ಮಾಡುವುದಕ್ಕೂ ಅನೇಕರಿಗಾಗಿ ಪ್ರಾಣವನ್ನು ಈಡು ಕೊಡುವುದಕ್ಕೂ ಬಂದೆನೆಂದನು. ಯೋಹಾನನ ಸುವಾರ್ತೆಯಲ್ಲಿ ಸಮೃದ್ಧವಾದ ಜೀವವನ್ನು ಕೊಡಲು ಬಂದೆನೆಂದನು. ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯವಂತೂ ಮರಣದ ಭಯದಿಂದ ಜೀವಮಾನವೆಲ್ಲ ದಾಸತ್ವದಲ್ಲಿದ್ದವರನ್ನು ಬಿಡಿಸಲು ಬಂದನೆನ್ನುತ್ತದೆ. ಈ ಕೊನೆಯ ಮಾತು ಬಂದಾಗ ಶಾಂತಾ ತಲೆ ಎತ್ತಿದರು. ಭಯದಲ್ಲಿ ಇಡಲು ಬಂದವನೆಂದು ತಾವು ತಿಳಿದಿದ್ದವನು ಭಯದಿಂದ ಬಿಡಿಸಲು ಬಂದನೆಂದು ಅದೇ ಗ್ರಂಥದಲ್ಲಿ ಬರೆದಿತ್ತು.

ಸಭಾಪಾಲಕರ ಇನ್ನೊಂದು ಮಾತು ಸಲಹಾಕಾರಳಾದ ನನಗೂ ಹೊಸದಾಗಿತ್ತು. ಕ್ರಿ.ಶ. 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪರ ಸಭೆಯ ವಿಶ್ವಾಸಪ್ರಮಾಣವು ಬಂದ ಉದ್ದೇಶದ ಬಗ್ಗೆ, ಆತನು ನಮಗಾಗಿಯೂ ನಮ್ಮ ರಕ್ಷಣೆಗಾಗಿಯೂ ಇಳಿದುಬಂದನೆಂದಷ್ಟೇ ಹೇಳುತ್ತದೆ. ಆ ರಕ್ಷಣೆ ಯಾವ ಬಗೆಯಲ್ಲಿ ಉಂಟಾಯಿತು ಎಂಬುದಕ್ಕೆ ಒಂದೇ ವಿವರಣೆಯನ್ನು ಪ್ರಾಚೀನ ಸಾರ್ವತ್ರಿಕ ಸಭೆಗಳು ಯಾವುವೂ ವಿಧಿಸಲಿಲ್ಲ. ಮೊದಲ ಶತಮಾನಗಳ ಬೋಧಕರು ಅದನ್ನು ಸಾವಿನ ಮೇಲೂ ಸೈತಾನನ ಮೇಲೂ ಪಡೆದ ಜಯವೆಂದು ಕಂಡದ್ದೇ ಹೆಚ್ಚು. ಮನುಷ್ಯನು ದೇವರಿಗೆ ಸಲ್ಲಿಸಬೇಕಾದ ಗೌರವವನ್ನು ಸಲ್ಲಿಸದೆ ಸಾಲಗಾರನಾದನು, ತೀರಿಸುವ ಶಕ್ತಿ ಅವನಲ್ಲಿಲ್ಲದ ಕಾರಣ ದೇವಮಾನವನೇ ಬರಬೇಕಾಯಿತು ಎಂಬ ವಾದವನ್ನು ಕಟ್ಟಿ ನಿಲ್ಲಿಸಿದವನು ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಕ್ಯಾಂಟರ್ಬರಿಯ ಆನ್ಸೆಲ್ಮ್. ಸಾಲದ ಭಾಷೆ ಅವರ ಪರಂಪರೆಯ ಭಾಷೆಯೇ ಹೌದು, ಆದರೆ ಅದೊಂದೇ ಅಲ್ಲ. ಮತ್ತು ಆ ಭಾಷೆಯಲ್ಲೇ ಮಾತನಾಡುವುದಾದರೂ, ತೀರಿದ ಸಾಲಕ್ಕೆ ದಿನವೂ ಬಡ್ಡಿ ಕಟ್ಟಲು ಹೋಗುವವರು ತೀರಿಸಿದವನನ್ನು ನಂಬಿದಂತಾಗಲಿಲ್ಲ ಎಂದು ಅವರು ಕೊಂಚ ಗಟ್ಟಿಯಾಗಿಯೇ ಹೇಳಿದರು. ಇಬ್ರಿಯರ ಪತ್ರಿಕೆಯ ಹತ್ತನೆಯ ಅಧ್ಯಾಯದಲ್ಲಿ ಯಾಜಕರು ದಿನದಿನವೂ ನಿಂತುಕೊಂಡು ಅದೇ ಯಜ್ಞಗಳನ್ನು ಮತ್ತೆಮತ್ತೆ ಅರ್ಪಿಸುತ್ತಾರೆ. ಕ್ರಿಸ್ತನು ಒಂದೇ ಸಾರಿ ಅರ್ಪಿಸಿ ಕುಳಿತುಕೊಂಡನು. ಶಾಂತಾ ಹೇಳುತ್ತಿದ್ದ 'ವ್ಯರ್ಥ' ಎಂಬ ಮಾತಿಗೂ ಅವರಲ್ಲಿ ಉತ್ತರವಿತ್ತು: ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಕ್ರಿಸ್ತನ ಮರಣ ವ್ಯರ್ಥವಾಗುವುದು ಒಂದು ಪಾಪವನ್ನು ಮರೆತದ್ದರಿಂದಲ್ಲ, ನಿಯಮಗಳನ್ನು ತಪ್ಪದೆ ಪಾಲಿಸಿಯೇ ನೀತಿವಂತರಾಗಬಹುದು ಎಂದಾದರೆ.

ಅವರು ಕೊನೆಗೆ ಜಕ್ಕಾಯನ ಕಥೆಯನ್ನು ತೆಗೆದರು. ಅತ್ತಿಮರ ಹತ್ತಿ ಕುಳಿತ ಆ ಸುಂಕದವನ ಹೆಸರು ಹಿಡಿದು ಕರೆದು, ಈ ಹೊತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು ಎಂದು ಯೇಸು ಹೇಳಿದ್ದು ಮೊದಲು. ಅನ್ಯಾಯವಾಗಿ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂತಿರುಗಿಸುವೆನೆಂದು ಜಕ್ಕಾಯನು ಹೇಳಿದ್ದು ಆಮೇಲೆ. ಲೆಕ್ಕ ಒಪ್ಪಿಸಿದ ಮೇಲೆ ಊಟಕ್ಕೆ ಬರುವೆನೆಂದು ಅಲ್ಲಿ ಯಾರೂ ಹೇಳಲಿಲ್ಲ. ಕೆಟ್ಟುಹೋದದ್ದನ್ನು ಹುಡುಕಿ ರಕ್ಷಿಸಲು ಬಂದೆನೆಂಬ ಮಾತು ಆ ಕಥೆಯ ಕೊನೆಗೇ ಬರುತ್ತದೆ.

ಇಷ್ಟರಿಂದ ಶಾಂತಾ ಗುಣವಾದರೆಂದು ಓದುಗರು ತಿಳಿಯಬಾರದು. ಗೀಳು ಇರುವವರಿಗೆ ಒಳ್ಳೆಯ ಉತ್ತರವೂ ಅಪಾಯವೇ, ಏಕೆಂದರೆ ಅದು ಕೆಲವು ಗಂಟೆ ಸಮಾಧಾನ ಕೊಟ್ಟು, ಸಮಾಧಾನ ಇಳಿದೊಡನೆ ಮತ್ತೊಮ್ಮೆ ಕೇಳುವಂತೆ ಮಾಡುತ್ತದೆ. ಮುಂದಿನ ವಾರವೇ ಅವರು ಇಬ್ರಿಯರ ಪತ್ರಿಕೆಯ ಆ ವಚನಗಳನ್ನು ವಹಿಯಲ್ಲಿ ಬರೆದುಕೊಂಡು, ಭಯ ಬಂದಾಗಲೆಲ್ಲ ಏಳೇಳು ಸಲ ಓದತೊಡಗಿದ್ದರು. ಬಿಡುಗಡೆಯ ವಚನವೇ ಹೊಸ ಆಚರಣೆಯಾಗಿತ್ತು. ಆದ್ದರಿಂದ ಸಭಾಪಾಲಕರಿಗೆ ನಾನು ಮೊದಲೇ ಕೇಳಿಕೊಂಡಿದ್ದ ಮಾತನ್ನು ಈಗ ಎಲ್ಲರ ಎದುರಿಗೆ ನಿಯಮವಾಗಿಸಿದೆವು: ಪ್ರಶ್ನೆಗೆ ಉತ್ತರ ಒಂದು ಸಲ ಕೊಟ್ಟಾಗಿದೆ, ಫೋನಿನಲ್ಲಾಗಲಿ ವಾಟ್ಸಾಪಿನಲ್ಲಾಗಲಿ ಅದನ್ನು ಮತ್ತೆ ಕೊಡುವುದಿಲ್ಲ. ಇದೇ ನಿಯಮ ಗಂಡನಿಗೂ ಅನ್ವಯಿಸಿತು. ರಾತ್ರಿ ಮಲಗುವ ಮುನ್ನ "ಕ್ಷಮೆ ಸಿಕ್ಕಿದೆಯಲ್ಲವಾ?" ಎಂದು ಶಾಂತಾ ಕೇಳುವುದು, "ಹೌದು ಮಾರಾಯ್ತಿ, ಸಿಕ್ಕಿದೆ" ಎಂದು ಗಂಡ ಹೇಳುವುದು, ಐದು ನಿಮಿಷದ ನಂತರ ಮತ್ತೆ ಅದೇ ಪ್ರಶ್ನೆ: ವರ್ಷಗಳಿಂದ ಹೀಗೇ ನಡೆದಿತ್ತು. ಆ ಹೌದು ಪ್ರೀತಿಯಿಂದ ಬಂದದ್ದೇ, ಆದರೆ ಗೀಳು ಬೆಳೆಯುವುದು ಅದರಿಂದಲೇ. "ಇದಕ್ಕೆ ನಾನು ಉತ್ತರ ಹೇಳುವುದಿಲ್ಲ, ಆದರೆ ನಿನ್ನ ಭಯ ಇಳಿಯುವವರೆಗೆ ಜೊತೆಗೆ ಕೂತಿರುತ್ತೇನೆ" ಎನ್ನುವಂತೆ ಗಂಡನಿಗೆ ಹೇಳಿದೆ. ಇದನ್ನು ಕೇಳಿಸಿಕೊಳ್ಳುವುದು ಶಾಂತಾ ಅವರಿಗೆ ಎಷ್ಟು ಕಷ್ಟವಾಯಿತೋ ಹೇಳುವುದು ಗಂಡನಿಗೂ ಅಷ್ಟೇ ಕಷ್ಟವಾಯಿತು.

ಮುಖ್ಯ ಚಿಕಿತ್ಸೆಯನ್ನು ಇಆರ್‌ಪಿ ಎನ್ನುತ್ತಾರೆ. ಆತಂಕ ತರುವ ಸನ್ನಿವೇಶವನ್ನು ಬೇಕೆಂದೇ ಎದುರಿಸಿ, ಆತಂಕವನ್ನು ಇಳಿಸಲು ಮಾಡುವ ಆಚರಣೆಯನ್ನು ತಡೆದು, ಆತಂಕ ತಾನಾಗಿ ಇಳಿಯುವುದನ್ನು ಅನುಭವದಿಂದ ಕಲಿಯುವುದೇ ಇದರ ಕ್ರಮ. ಇಲ್ಲಿ ಧರ್ಮಕ್ಕೆ ವಿರುದ್ಧವಾದದ್ದನ್ನು ಮಾಡಿಸುವ ಅಗತ್ಯವಿಲ್ಲ, ಮಾಡಿಸಲೂಬಾರದು; ಪಾಪ ಮಾಡಿ ನೋಡಿ ಎಂದು ನಾನು ಹೇಳಲಿಲ್ಲ. ಭಾನುವಾರದ ಆರಾಧನೆಯಲ್ಲಿ ಸಭೆಯೆಲ್ಲ ಸೇರಿ ಹೇಳುವ ಪಾಪನಿವೇದನೆಯನ್ನು ಒಂದೇ ಸಲ ಹೇಳುವುದು, ಆಮೇಲೆ ಮನಸ್ಸಿನಲ್ಲಿ ಏನನ್ನೂ ಸೇರಿಸದಿರುವುದು. ವಹಿಯನ್ನು ಮೊದಲು ಮನೆಯಲ್ಲಿ ಬಿಟ್ಟುಹೋಗುವುದು, ಆಮೇಲೆ ಬರೆಯುವುದನ್ನೇ ನಿಲ್ಲಿಸುವುದು. ಒಂದು ಕಾಗದದ ಮೇಲೆ 'ನಾನು ಯಾವುದೋ ಒಂದನ್ನು ಮರೆತಿರಬಹುದು' ಎಂದು ಬರೆದು, ಅದನ್ನು ಓದಿ, ಪ್ರಾರ್ಥಿಸದೆ ಅಡುಗೆಮನೆಗೆ ಹೋಗುವುದು. ಲೋಕಲ್‌ನಲ್ಲಿ ಪ್ರಾರ್ಥನೆ ಆರಂಭವಾಗಿ ಅರ್ಧಕ್ಕಿದ್ದರೂ ಡೊಂಬಿವಲಿಯಲ್ಲಿ ಇಳಿಯಲೇಬೇಕು. ಇದರಲ್ಲಿ ಅತ್ಯಂತ ಕಷ್ಟವಾದದ್ದು ಕಾಗದದ ಸಾಲು. ಮೊದಲ ಕೆಲವು ಸಲ ಅವರ ಕೈ ನಡುಗುತ್ತಿತ್ತು. ಕರ್ತನ ಭೋಜನವನ್ನು ನಾವು ಕೊನೆಗೆ ಇಟ್ಟುಕೊಂಡೆವು.

ಶುಭ ಶುಕ್ರವಾರದ (ಗುಡ್ ಫ್ರೈಡೇ) ವಾರದಲ್ಲಿ ಭಯ ಮತ್ತೆ ತಲೆ ಎತ್ತಿತು. ದೇವಕುಮಾರನನ್ನು ತಿರುಗಿ ಶಿಲುಬೆಗೆ ಹಾಕುವವರ ಬಗ್ಗೆ ಇಬ್ರಿಯರ ಪತ್ರಿಕೆಯ ಆರನೆಯ ಅಧ್ಯಾಯದಲ್ಲಿರುವ ಮಾತು, ಪವಿತ್ರಾತ್ಮನನ್ನು ದೂಷಿಸಿದವನಿಗೆ ಎಂದಿಗೂ ಕ್ಷಮೆಯಿಲ್ಲವೆಂಬ ಮಾರ್ಕನ ಮಾತು, ಇವೆರಡೂ ಇಂಥ ಗೀಳಿನವರನ್ನು ಹೆಚ್ಚಾಗಿ ಕಾಡುತ್ತವೆ. ಅವುಗಳ ಅರ್ಥವನ್ನು ಚರ್ಚಿಸಲು ಅವರು ಬಂದಾಗ ನಾನು ಚರ್ಚಿಸಲಿಲ್ಲ. ಈ ಪ್ರಶ್ನೆ ಸಭಾಪಾಲಕರ ಭೇಟಿಯಲ್ಲಿ ಬಂದ ಪ್ರಶ್ನೆಯೇ ಹೌದೋ ಅಲ್ಲವೋ ಎಂದಷ್ಟೇ ಕೇಳಿದೆ. ಅದೇ ಎಂದು ಅವರೇ ಒಪ್ಪಿದರು. ಈಸ್ಟರ್ ನಂತರದ ಒಂದು ಭಾನುವಾರ, ಏನನ್ನೋ ಮರೆತಿರಬಹುದೆಂಬ ಸಂಶಯ ಇನ್ನೂ ಇರುವಾಗಲೇ, ಅವರು ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ತೆಗೆದುಕೊಂಡರು. ಅಂದು ಸಂಜೆಯವರೆಗೆ ಎದೆ ಹೊಡೆದುಕೊಂಡಿತು, ರಾತ್ರಿ ನಿದ್ದೆ ಬಂತು ಎಂದು ಮರುದಿನ ತಿಳಿಸಿದರು.

ಈಗ ಅವರು ತಿಂಗಳಿಗೊಮ್ಮೆ ಬರುತ್ತಾರೆ. ಮಾತ್ರೆಗಳನ್ನು ಚೆನ್ನಾಗಿದ್ದೇನೆಂದು ತಾವಾಗಿ ನಿಲ್ಲಿಸಬಾರದು, ಕಡಿಮೆ ಮಾಡುವುದಿದ್ದರೂ ಮನೋವೈದ್ಯರು ಹೇಳಿದ ಕ್ರಮದಲ್ಲೇ ಆಗಬೇಕು. ಸಭೆಗೆ ಹೊಸ ಪಾಲಕರು ಬಂದರೆ ಅವರಿಗೆ ಈ ನಿಯಮವನ್ನು ಗಂಡನೇ ಮೊದಲು ತಿಳಿಸಬೇಕು. ಮತ್ತು ಮುಂದಿನ ನವೆಂಬರ್ ಕೊನೆಯಲ್ಲಿ, ಬರೋಣದ ಭಾನುವಾರಗಳು ಆರಂಭವಾಗುವ ಮೊದಲೇ, ಕಾಗದದ ಅಭ್ಯಾಸವನ್ನು ಮತ್ತೊಮ್ಮೆ ಮಾಡಲು ಇಬ್ಬರೂ ಬರಬೇಕು ಎಂದು ಹೇಳಿದ್ದೇನೆ.